ಮೂವತ್ತು ಸೆಕೆಂಡಿನ ತಾಯಿ

ಅಂಧೇರಿಯಲ್ಲೊಂದು ನೆಲಮಾಳಿಗೆ. ಗೋಡೆ ತುಂಬ ಕರಿ ಸ್ಪಂಜು.
ಮೇಲೆ ಮೆಟ್ರೋ ಹೋದದ್ದು ಇಲ್ಲಿ
ಕಿವಿಗಲ್ಲ, ಅಂಗಾಲಿಗೆ ತಿಳಿಯುತ್ತದೆ.
ಗಾಜಿನಾಚೆ ಕ್ಲೆಮೆಂಟ್ ಹೆಬ್ಬೆರಳೆತ್ತುತ್ತಾನೆ.
ಪರದೆಯ ಮೇಲೊಬ್ಬ ತಾಯಿ ಬಾಗಿಲು ತೆರೆಯುತ್ತಾಳೆ,
ಅವಳ ತುಟಿ ಹಿಂದಿಯಲ್ಲಿ ಅಲುಗುತ್ತದೆ,
ನಾನು ಅದರೊಳಗೆ ಕನ್ನಡ ತುಂಬಬೇಕು.

ನಿನ್ನೆ ಇದೇ ಮೈಕಿಗೆ ಪಾತ್ರೆ ತೊಳೆಯುವ ಸಾಬೂನು ಮಾರಿದ್ದೆ.

'ಮಗನೇ, ಹಿಂಸೆಯ ಹಾದಿ ಬಿಡು, ಮನೆಗೆ ಮರಳು.'
ಮೇಡಂ, ನಮ್ಮಲ್ಲಿ ಯಾವ ತಾಯಿಯೂ ಮಗನೇ ಎಂದು ಕೂಗುವುದಿಲ್ಲ.
ಕೂಗಿದರೆ ಅದು ಬೈಗುಳ, ಹಿಂದೆಯೇ ಪೊರಕೆ ಬರುತ್ತದೆ.
ಪರ್ಸಿಸ್ ಮೇಡಂ ನಕ್ಕರು. ನಕ್ಕು,
ಮೇಲಿನವರ ಸಹಿ ಬಿದ್ದಿರುವುದು ಮಗನೇ ಎಂಬುದಕ್ಕೆ, ಎಂದರು.
ಮತ್ತೆ, ದುಃಖ ಸ್ವಲ್ಪ ಕಡಿಮೆ ಇರಲಿ.
ಅಳುವ ತಾಯಿಯನ್ನು ಆ ವಯಸ್ಸಿನ ಹುಡುಗರು
ಐದನೇ ಸೆಕೆಂಡಿಗೆ ಹೆಬ್ಬೆರಳಲ್ಲಿ ತಳ್ಳುತ್ತಾರಂತೆ.

ಹುಡುಗನಿಗೆ ಹೆಸರಿಲ್ಲ.
ಅದಕ್ಕೇ ನಾಲ್ಕು ಮೀಟಿಂಗ್ ಆಗಿವೆ.
ಯಾವ ಹೆಸರಿಟ್ಟರೂ ಯಾವುದೋ ಓಣಿಗೆ ಬೆಂಕಿ,
ಆದ್ದರಿಂದ ಅವನ ಬೆನ್ನು ಮಾತ್ರ ತೋರಿಸಿದ್ದಾರೆ,
ಬೆನ್ನಿಗೆ ಬೂದು ಅಂಗಿ.
ಬೂದು ಯಾರದೂ ಅಲ್ಲವಂತೆ.

ನನಗೊಬ್ಬ ಗೊತ್ತು. ಡೊಂಬಿವಲಿಯ ನಮ್ಮ ಚಾಳಿನಲ್ಲಿ
ಹದಿನೇಳನೇ ಖೋಲಿಯವನು.
ಹೆಸರು ನಾನೂ ಹೇಳಲಾರೆ.
ಹೇಳಿದೆನೋ, ಉಳಿದ ಕತೆಯನ್ನು ನೀವೇ ಮುಗಿಸಿಬಿಡುತ್ತೀರಿ.
ಒಂದು ಶ್ರಾವಣ ಮನೆ ಬಿಟ್ಟ.
ಅವನನ್ನು ಕರೆದೊಯ್ದವರಿಗೆ ಚೆಂದದ ಪೋಸ್ಟರುಗಳಿದ್ದವು,
ಘೋಷಣೆಯಲ್ಲಿ ಪ್ರಾಸ ಎಲ್ಲೂ ತಪ್ಪುತ್ತಿರಲಿಲ್ಲ.
ಹನ್ನೊಂದು ದಿನ. ಪೊಲೀಸರು ಬಂದು ಹಾಸಿಗೆ ಕೊಡವಿದರು.
ಹನ್ನೆರಡನೆಯ ರಾತ್ರಿ ಫೋನು ಬಂತು, ಆಚೆ ಬರೀ ಉಸಿರು.
ಅವನ ಅವ್ವ ಅಳಲಿಲ್ಲ. ದೇಶ ಎನ್ನಲಿಲ್ಲ, ದೇವರೆನ್ನಲಿಲ್ಲ.
ನಾಳೆ ನಳದ ಪಾಳಿ ನಿನ್ನದು, ಅಂದಳು.
ಮೂರೂವರೆಗೇ ನೀರು ಬಿಡ್ತಾರೆ.
ನನ್ನ ಸೊಂಟ ಹಿಡಿದದೆ.

ಬಂದ.
ಎರಡು ಡ್ರಮ್ಮು ತುಂಬಿದ, ನಮ್ಮದೊಂದು ಕೊಡವನ್ನೂ.
ಚಾಳಿನವರು ಸಾಲಿನಲ್ಲಿ ನಿಂತು ಆಕಳಿಸಿದೆವು,
ಯಾರೂ ಏನೂ ಕೇಳಲಿಲ್ಲ.
ಆ ಮಾತಿಗೇ ಬಂದನೋ, ಹಸಿದು ಬಂದನೋ,
ಅಲ್ಲಿ ಏನು ಕಂಡು ಹೆದರಿ ಬಂದನೋ,
ಇವತ್ತಿಗೂ ತಿಳಿಯದು.

ಇದನ್ನು ಮೇಡಂಗೆ ಹೇಳಬೇಕೆಂದು ಬಾಯಿ ತೆರೆದೆ.
ಹೇಳಿದರೆ ಹಿತ್ತಾಳೆ ಕೊಡ ಬರುತ್ತದೆ, ಕೊಳಲು ಬರುತ್ತದೆ,
'ನಾಳೆ ನಿನ್ನ ಪಾಳಿ' ಎಂದು ಹೆದ್ದಾರಿಯುದ್ದ ಹೋರ್ಡಿಂಗು ನಿಲ್ಲುತ್ತದೆ.
ನೀರು ಕೇಳಿದೆ. ಕ್ಲೆಮೆಂಟ್ ಬಾಟಲಿ ತಂದ.
ಏಳನೇ ಟೇಕ್ ಓಕೆ ಆಯಿತು.

ಎರಡು ತಿಂಗಳಿಗೆ ಅವರು ಅದನ್ನೇ ಕತ್ತರಿಸಿ ತಿರುಗಿ ಬಿಟ್ಟರು,
ಆ ತಾಯಿಯ ಮುಖದ ಮೇಲೆ ಕೆಂಪಕ್ಷರ:
ನೋಡಿ, ಇವರ ಅಮ್ಮಂದಿರೂ ಬಾಡಿಗೆಗೆ.
ಮೂವತ್ತು ಸೆಕೆಂಡು ನಮ್ಮದು ನೋಡಿದ್ದಕ್ಕಿಂತ
ನೂರು ಪಟ್ಟು ಜನ ಇದನ್ನು ನೋಡಿದರು.
ಸುಳ್ಳೆನ್ನಲೇ? ವೋಚರಿಗೆ ಸಹಿ ಹಾಕಿದ ಕೈ ಇದು.
ಉತ್ತರ ಬರೆದೆ, ಅಳಿಸಿದೆ, ಅಕ್ಕಿ ತೊಳೆದಿಟ್ಟೆ.

ಅವತ್ತು ರಾತ್ರಿ ಅವನ ಫೋನು.
ಈಗ ಠಾಣೆಯ ಗೋಪುರಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ.
ಅಕ್ಕಾ, ಆ ದನಿ ನಿಂದಲ್ಲವಾ?
ಹೂಂ.
ಮಗನೇ ಅಂತ ಯಾರಾದರೂ ಕರೀತಾರಾ?
ಇಬ್ಬರೂ ನಕ್ಕೆವು.
ಎಷ್ಟು ಕೊಟ್ಟರು?
ನಾಲ್ಕೂವರೆ ಸಾವಿರ.
ಸುಮ್ಮನಾದ. ಎಲ್ಲೋ ಸರಪಳಿ ಕಿರುಗುಟ್ಟುವ ಸದ್ದು.
ಅಕ್ಕಾ, ಅವತ್ತು ನಮ್ಮ ಪಾಳಿ ಇರಲಿಲ್ಲ, ಗೊತ್ತಾ? ಹದಿನೆಂಟರವರದು.
ಅವ್ವ ಸುಳ್ಳು…
ಅಷ್ಟರಲ್ಲಿ ಲಿಫ್ಟಿನೊಳಗೆ ಹೋದನೇನೋ,
ಸಿಗ್ನಲ್ ಕಡಿಯಿತು.